ಜಾರೂದ್ಯಾಕ, ಹಿಡಿಯೂದ್ಯಾಕ?

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ. ನವಲಗುಂದ ಕಡೆಯ ಎರಿಹೊಲದ ದಾರಿಯಲ್ಲಿ ನಮ್ಮ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಎಂಜಿನ್ ಕೆಟ್ಟಿರಲಿಲ್ಲ. ಹಿಂದಿನ ದೊಡ್ಡ ಗಾಲಿಗಳು ಗರಗರ ತಿರುಗುತ್ತಲೇ ಇದ್ದವು, ರಾಡಿ ಹಾರಿ ಟ್ರೇಲರಿನಲ್ಲಿ ಕೂತ ನಮ್ಮ ಮುಖಕ್ಕೆ ಬಡಿಯುತ್ತಿತ್ತು, ಗಾಡಿ ಮಾತ್ರ ಒಂದು ಗೇಣೂ ಮುಂದೆ ಹೋಗಲಿಲ್ಲ. ನನಗೆ ಆಗ ಹತ್ತು ವರ್ಷ. ಕಾಕಾ ಇನ್ನಷ್ಟು ಜೋರಾಗಿ ರೇಸ್ ಮಾಡಿದರು. ಗಾಲಿ ಇನ್ನಷ್ಟು ಕೆಳಗೆ ಇಳಿಯಿತು.

"ಏ, ಸುಮ್ಮನಿರೋ ತಮ್ಮಾ. ಗಾಲಿ ಎಷ್ಟ ತಿರಗಿದ್ರೇನು, ನೆಲಾ ಹಿಡೀಬೇಕಲ್ಲ!" ಎಂದರು ಅಜ್ಜ. ಬದುವಿನ ಮೇಲೆ ಒಟ್ಟಿದ್ದ ಹತ್ತಿಕಟಗಿಯನ್ನು ಎರಡು ಹೊರೆ ತಂದು ಗಾಲಿಯ ಮುಂದೆ ತುರುಕಿದರು. ಚಟಚಟ ಸದ್ದಾಯಿತು. ಗಾಲಿ ಕಟಗಿಯನ್ನು ಕಚ್ಚಿತು, ಗಾಡಿ ಒಮ್ಮೆ ಜಗ್ಗಿ ಮೇಲೆದ್ದಿತು.

ಇದೇ ದಾರಿಯಲ್ಲಿ ಇದೇ ಟ್ರ್ಯಾಕ್ಟರ್ ಹದಿನೈದು ದಿನದ ಹಿಂದೆ ಧೂಳೆಬ್ಬಿಸಿಕೊಂಡು ಓಡಿತ್ತು. ಗಾಲಿ ಅದೇ, ಭಾರ ಅದೇ, ಮಣ್ಣೂ ಅದೇ. ಹೊಸದಾಗಿ ಬಂದು ಸೇರಿದ್ದು ನೀರು ಒಂದೇ. ಅದು ಬಂದು ಕೂತ ಜಾಗವನ್ನು ಗಮನಿಸಿ: ಗಾಲಿಗೂ ನೆಲಕ್ಕೂ ನಡುವೆ, ಮಣ್ಣಿನ ಕಣಕ್ಕೂ ಕಣಕ್ಕೂ ನಡುವೆ.

ಒಂದು ವಸ್ತು ಇನ್ನೊಂದರ ಮೇಲೆ ಸರಿಯುವಾಗ, ಸರಿಯದಂತೆ ತಡೆಯುವ ಬಲಕ್ಕೆ ಘರ್ಷಣೆ ಎಂದು ನಿಮ್ಮ ವಿಜ್ಞಾನದ ಪುಸ್ತಕ ಹೇಳುತ್ತದೆ. ಸರಿಯಾದ ಮಾತು. ಆದರೆ ಅದರ ಜೊತೆ ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ನಾವು "ಫರಸಿ ಜಾರುತ್ತದೆ", "ರಬ್ಬರ್ ಹಿಡಿಯುತ್ತದೆ" ಎನ್ನುತ್ತೇವೆ, ಜಾರುವುದು ಫರಸಿಯೊಂದರದೇ ಗುಣ ಎಂಬಂತೆ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲವಲ್ಲ, ಘರ್ಷಣೆಯೂ ಹಾಗೆಯೇ. ಅದು ಎರಡರ ನಡುವಿನ ವ್ಯವಹಾರ. ಮೇಲೆ ಏನಿದೆ, ಕೆಳಗೆ ಏನಿದೆ, ನಡುವೆ ಏನು ಬಂದು ಕೂತಿದೆ, ಈ ಮೂರನ್ನೂ ಕೇಳದೆ ಜಾರುತ್ತದೋ ಹಿಡಿಯುತ್ತದೋ ಹೇಳಲು ಬರುವುದಿಲ್ಲ.

ಮೊದಲು ಎರಡು ಮೇಲ್ಮೈಗಳು ಹೇಗೆ ಮುಟ್ಟುತ್ತವೆ ನೋಡೋಣ. ಜೋಳ ಕೊಯ್ದ ಹೊಲಕ್ಕೆ ಹೋದವರಿಗೆ ಕೂಳೆ ಗೊತ್ತು. ಕಾಲಿಗೆ ಚುಚ್ಚುವ ಆ ಮೋಟು ದಂಟುಗಳ ಮೇಲೆ ಒಂದು ಚಾಪೆ ಹಾಸಿ. ದೂರದಿಂದ ನೋಡಿದರೆ ಚಾಪೆ ಹೊಲದ ಮೇಲೆ ಮಲಗಿದೆ. ಬಗ್ಗಿ ನೋಡಿದರೆ ಅದು ಮುಟ್ಟಿರುವುದು ಕೂಳೆಯ ತುದಿಗಳನ್ನು ಮಾತ್ರ, ಉಳಿದದ್ದೆಲ್ಲ ಖಾಲಿ. ಮೇಜಿನ ಮೇಲೆ ಪುಸ್ತಕ, ನೆಲದ ಮೇಲೆ ಚಪ್ಪಲಿ, ರಸ್ತೆಯ ಮೇಲೆ ಗಾಲಿ, ಎಲ್ಲವೂ ಹೀಗೆಯೇ ಕೂತಿರುತ್ತವೆ. ಕೈಗೆ ನುಣುಪಾಗಿ ಕಾಣುವ ಉಕ್ಕಿನಲ್ಲೂ ಸೂಕ್ಷ್ಮವಾದ ದಿಬ್ಬ ತಗ್ಗುಗಳಿವೆ. ದಿಬ್ಬದ ತುದಿಗೆ ದಿಬ್ಬದ ತುದಿ ಮುಟ್ಟುತ್ತದೆ.

ಮುಟ್ಟಿದ ಆ ಸಣ್ಣ ತುದಿಗಳಲ್ಲಿ ಎರಡು ವಸ್ತುಗಳ ಕಣಗಳು ಒಂದನ್ನೊಂದು ಎಳೆದು ಅಂಟಿಕೊಳ್ಳುತ್ತವೆ. ಸರಿಸಬೇಕೆಂದರೆ ಆ ಅಂಟನ್ನು ಬಿಡಿಸಬೇಕು, ಅಡ್ಡ ಬಂದ ದಿಬ್ಬವನ್ನು ಬಗ್ಗಿಸಬೇಕು, ಇಲ್ಲವೇ ಮುರಿಯಬೇಕು. ಒರಟಾದದ್ದೆಲ್ಲ ಹಿಡಿಯುತ್ತದೆ, ನುಣುಪಾದದ್ದೆಲ್ಲ ಜಾರುತ್ತದೆ ಎಂಬ ಲೆಕ್ಕ ಅದಕ್ಕೇ ಪೂರ್ತಿ ಸರಿಯಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಎರಡು ನುಣುಪು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಒತ್ತಿದರೆ ಸರಿಸುವುದು ಕಷ್ಟವಾಗುತ್ತದೆ. ಅಲ್ಲಿ ಮುಟ್ಟುವ ಜಾಗ ಹೆಚ್ಚು, ಅಂಟು ಹೆಚ್ಚು. ಮುಟ್ಟುವ ಈ ತುದಿಗಳ ಲೆಕ್ಕವನ್ನು ಬೌಡನ್ ಮತ್ತು ಟೇಬರ್ ಎಂಬ ಇಬ್ಬರು ವಿಜ್ಞಾನಿಗಳು 1950ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದರು.

ಈಗ ಚಾಪೆಯ ಮೇಲೆ ಒಬ್ಬರು ಕೂರಲಿ. ಭಾರಕ್ಕೆ ಚಾಪೆ ಬಗ್ಗಿ ಇನ್ನಷ್ಟು ಕೂಳೆಗೆ ತಾಗುತ್ತದೆ. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುವುದು ಇದಕ್ಕೇ.

ಇದನ್ನು ನೀವೇ ಅಳೆಯಬಹುದು. ಎರಡು ಇಟ್ಟಿಗೆ, ಗಟ್ಟಿ ದಾರ, ಒಂದು ಬಕೆಟ್, ಅದರ ತುಂಬ ಜೋಳ ಸಾಕು. ಒಂದು ಇಟ್ಟಿಗೆಗೆ ದಾರ ಕಟ್ಟಿ ಕಟ್ಟೆಯ ಮೇಲಿಡಿ. ದಾರದ ಇನ್ನೊಂದು ತುದಿಗೆ ಬಕೆಟ್ ಕಟ್ಟಿ ಕಟ್ಟೆಯ ಅಂಚಿನಿಂದ ಕೆಳಗೆ ಬಿಡಿ. ದಾರ ಅಂಚಿಗೆ ತಿಕ್ಕಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಅಲ್ಲೊಂದು ಖಾಲಿ ದಾರದ ರೀಲನ್ನು ತಿರುಗುವಂತೆ ಕಟ್ಟಿ ಅದರ ಮೇಲೆ ಹಾಯಿಸಿ. ಇನ್ನು ಬಕೆಟ್ಟಿಗೆ ಹಿಡಿಹಿಡಿಯಾಗಿ ಜೋಳ ಹಾಕುತ್ತ ಹೋಗಿ. ಇಟ್ಟಿಗೆ ಜರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಹಿಡಿ ಹಾಕಿದಿರಿ ಬರೆದುಕೊಳ್ಳಿ. ಇಟ್ಟಿಗೆ ಕಾಲ ಮೇಲೆ ಬೀಳದ ಹಾಗೆ ಒಬ್ಬರು ಕೈ ಅಡ್ಡ ಇಟ್ಟುಕೊಂಡಿರಬೇಕು.

ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಹೇರಿದರೆ ಬಕೆಟ್ಟಿನ ಭಾರವೂ ಹತ್ತಿರ ಹತ್ತಿರ ಎರಡು ಪಟ್ಟು ಬೇಕಾಗುತ್ತದೆ. ಇದು ಯಾರಾದರೂ ಊಹಿಸುವಂಥದ್ದು. ಒಂದೇ ಇಟ್ಟಿಗೆಯನ್ನು ಅಗಲವಾಗಿ ಮಲಗಿಸಿ ಒಮ್ಮೆ, ಮಗ್ಗುಲಾಗಿ ನಿಲ್ಲಿಸಿ ಒಮ್ಮೆ ಎಳೆಸಿ ನೋಡಿ. ಮುಟ್ಟುವ ಜಾಗ ಕಡಿಮೆಯಾದರೂ ಜೋಳ ಹೆಚ್ಚುಕಡಿಮೆ ಅಷ್ಟೇ ಬೇಕು! ಅಗಲ ಚಾಪೆ ಬಹಳ ಕೂಳೆಯ ಮೇಲೆ ಹಗುರಾಗಿ ಕೂರುತ್ತದೆ, ಸಣ್ಣ ಚಾಪೆ ಕೆಲವೇ ಕೂಳೆಯ ಮೇಲೆ ಬಲವಾಗಿ ಊರುತ್ತದೆ. ನಿಜವಾಗಿ ಮುಟ್ಟಿದ ತುದಿಗಳ ಒಟ್ಟು ಲೆಕ್ಕ ಎರಡರಲ್ಲೂ ಒಂದೇ. ಐನೂರು ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ಡ ವಿಂಚಿ, ಅಗಲ ಬದಲಾದರೂ ಘರ್ಷಣೆ ಬದಲಾಗದ್ದನ್ನು ಕಂಡು ತನ್ನ ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದ. ಅದು ಯಾರಿಗೂ ತಿಳಿಯದೆ ಉಳಿಯಿತು. ಫ್ರಾನ್ಸಿನ ಅಮೋಂಟನ್ 1699ರಲ್ಲಿ ಮತ್ತೆ ಅದನ್ನೇ ಕಂಡುಹಿಡಿದ. 1785ರಲ್ಲಿ ಅದೇ ದೇಶದ ಕೂಲಂಬ್ ಎಂಬ ಎಂಜಿನಿಯರ್ ಮರ, ಲೋಹ, ಹಗ್ಗ ಎಲ್ಲವನ್ನೂ ಎಳೆದು ಎಳೆದು ಅಳೆದ ಲೆಕ್ಕಗಳನ್ನು ಪ್ರಕಟಿಸಿದ.

ಇನ್ನೊಂದನ್ನೂ ನೀವು ನೋಡಿರುತ್ತೀರಿ. ಇಟ್ಟಿಗೆ ಜರುಗಲು ತಡ ಮಾಡುತ್ತದೆ, ಒಮ್ಮೆ ಜರುಗಿದರೆ ಸರ್ರನೆ ಹೋಗಿಬಿಡುತ್ತದೆ. ನಿಂತ ವಸ್ತುವಿನ ಹಿಡಿತ ಸರಿಯುತ್ತಿರುವ ವಸ್ತುವಿನ ಹಿಡಿತಕ್ಕಿಂತ ಹೆಚ್ಚು. ಜೋಳದ ಚೀಲವನ್ನು ನೆಲದ ಮೇಲೆ ಎಳೆಯುವಾಗ ಮೊದಲ ಜಗ್ಗಿಗೇ ಉಸಿರು ಕಟ್ಟುವುದು ಅದಕ್ಕೇ.

ಎರಿಮಣ್ಣಿಗೆ ಮತ್ತೆ ಬರೋಣ. ಅದು ನಮ್ಮ ಸೀಮೆಯ ದೊಡ್ಡ ಪಾಠಶಾಲೆ. ನವಲಗುಂದ, ಅಣ್ಣಿಗೇರಿಯ ಈ ಕಪ್ಪು ಬಯಲಿಗೆ ಹಿಂದಿನಿಂದಲೂ ಬೆಳವಲ ಎಂದು ಹೆಸರು. ಎರಿಮಣ್ಣಿನ ಜಿಗಟಾದ ಭಾಗ ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಸಣ್ಣ ಕಣಗಳಿಂದ ಆದದ್ದು. ಅವು ಮರಳಿನಂತೆ ಉಂಡೆ ಕಾಳುಗಳಲ್ಲ, ತೆಳ್ಳನೆಯ ಚಕ್ಕೆಗಳು. ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯಲ್ಲಿ ಚಕ್ಕೆಯ ಪದರಗಳ ಒಳಗೇ ನೀರು ನುಗ್ಗಿ ಅವನ್ನು ಉಬ್ಬಿಸುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಅದೇ ಮಣ್ಣು ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹೆಂಟೆ ಎತ್ತಿ ಹೊಡೆದರೆ ಕಲ್ಲಿನಂತೆ ತಾಗುತ್ತದೆ. ಆಗ ಚಕ್ಕೆಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ.

ಸ್ವಲ್ಪ ಮಳೆ ಬಿದ್ದರೆ ಅದು ಜಿಗಟು. ನಾಲ್ಕು ಹೆಜ್ಜೆ ಇಡುವುದರೊಳಗೆ ಕಾಲಿಗೆ ಎರಡೆರಡು ಕಿಲೋ ಮಣ್ಣು ಮೆತ್ತಿ, ಎತ್ತಿ ಎತ್ತಿ ಇಡಬೇಕಾಗುತ್ತದೆ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಲು ನೀವು ಹುಡುಕುವುದು ಹೀಗೆ ಮೆತ್ತುವ ಮಣ್ಣನ್ನೇ. ಇನ್ನೂ ಮಳೆ ಹೊಡೆದರೆ ಚಕ್ಕೆ ಚಕ್ಕೆಯ ನಡುವೆ ನೀರು ತುಂಬಿ ಅವು ಇಸ್ಪೀಟಿನ ಎಲೆಗಳ ಹಾಗೆ ಒಂದರ ಮೇಲೊಂದು ಜಾರತೊಡಗುತ್ತವೆ. ನಮ್ಮ ಟ್ರ್ಯಾಕ್ಟರ್ ಸಿಕ್ಕಿಬಿದ್ದದ್ದು ಇಂಥ ದಿನ. ಗಾಲಿಯ ಹಲ್ಲುಗಳ ಸಂದಿಯಲ್ಲೂ ರಾಡಿ ತುಂಬಿತ್ತು. ರಬ್ಬರು ನೆಲವನ್ನು ಮುಟ್ಟುತ್ತಲೇ ಇರಲಿಲ್ಲ, ರಾಡಿಯ ಮೇಲೆ ರಾಡಿ ಜಾರುತ್ತಿತ್ತು. ಅಜ್ಜ ನಡುವೆ ಕಟಗಿ ತುರುಕಿ ಆ ಜೋಡಿಯನ್ನೇ ಬದಲಿಸಿದರು.

ಅದೇ ಮಳೆಯಲ್ಲಿ ಕಲಘಟಗಿ ಕಡೆಯ ಮಸಾರಿ ನೆಲಕ್ಕೆ ಹೋಗಿ ನೋಡಿ. ಕೆಂಪು ಮಣ್ಣಿನಲ್ಲಿ ಮರಳು, ಸಣ್ಣ ಹರಳು ಹೆಚ್ಚು. ನೀರು ಬೇಗ ಇಂಗುತ್ತದೆ, ಹರಳಿಗೆ ಹರಳು ತಾಗಿಯೇ ಇರುತ್ತದೆ, ಕಾಲು ನಿಲ್ಲುತ್ತದೆ. ಒಂದೇ ಜಿಲ್ಲೆ, ಒಂದೇ ಮೋಡ. ಒಂದು ಕಡೆ ಹೊಲಕ್ಕೆ ಹೋಗುವುದೇ ಬೇಡ ಅನ್ನುವ ದಿನ ಇನ್ನೊಂದು ಕಡೆ ಕೆಲಸ ನಡೆದಿರುತ್ತದೆ.

ಮರಳಿನ ಮಾತು ಬಂದಾಗ ಈಜಿಪ್ಟಿನ ಒಂದು ಚಿತ್ರ ನೆನಪಾಗುತ್ತದೆ. ಸುಮಾರು 3,900 ವರ್ಷ ಹಳೆಯ ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ ಅದು ಇತ್ತು. ದೊಡ್ಡದೊಂದು ವಿಗ್ರಹವನ್ನು ಗಾಲಿಯಿಲ್ಲದ ಜಾರುಬಂಡಿಯ ಮೇಲಿಟ್ಟು ಸಾಲು ಸಾಲು ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮೂತಿಯಲ್ಲಿ ನಿಂತ ಒಬ್ಬ ಮುಂದಿನ ಮರಳಿಗೆ ನೀರು ಸುರಿಯುತ್ತಿದ್ದಾನೆ. ಇದೇನೋ ಪೂಜೆಯ ವಿಧಿ ಇರಬೇಕೆಂದು ಕೆಲವರು ತಿಳಿದಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಒಣ ಮರಳು ಬಂಡಿಯ ಮುಂದೆ ರಾಶಿಯಾಗಿ ಅಡ್ಡ ನಿಲ್ಲುತ್ತದೆ. ತಕ್ಕಷ್ಟು ನೀರು ಬಿದ್ದರೆ ಕಾಳಿಗೆ ಕಾಳು ಕೂಡಿ ಮರಳು ಗಟ್ಟಿಯಾಗುತ್ತದೆ, ಎಳೆಯಲು ಹೆಚ್ಚುಕಡಿಮೆ ಅರ್ಧ ಬಲ ಸಾಕಾಗುತ್ತದೆ. ನೀರು ಅತಿಯಾದರೆ ಮತ್ತೆ ಕಷ್ಟ. ನಮ್ಮ ರೈತರ ಬಾಯಲ್ಲಿ ಇದಕ್ಕೆ ಒಂದೇ ಪದ ಇದೆ: ಹದ. ಎಷ್ಟು ಒಳ್ಳೆಯ ಪದ ಅದು!

ಪದರದ ಮೇಲೆ ಪದರ ಜಾರುವುದನ್ನು ರಾಡಿಯಿಲ್ಲದೆಯೂ ನೋಡಬೇಕೆಂದರೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋಗಿ. 1050ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಟ್ಟಿದ ಗುಡಿ ಅದು. ಅದರ ಕಲ್ಲಿಗೆ ಬಳಪದ ಕಲ್ಲು ಎನ್ನುತ್ತಾರೆ. ಅದರಲ್ಲಿ ಟಾಲ್ಕ್ ಎಂಬ ಖನಿಜ ಇದೆ, ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಇರುವುದೂ ಅದೇ. ಖನಿಜಗಳಲ್ಲೆಲ್ಲ ತೀರ ಮೆತ್ತನೆಯದು. ಅದರ ಪದರಗಳ ನಡುವೆ ಬಿಗಿ ಕಡಿಮೆ, ಸುಲಭವಾಗಿ ಜಾರಿ ಬಿಡಿಸಿಕೊಳ್ಳುತ್ತವೆ. ಪಾಟಿಯ ಮೇಲೆ ಬಳಪ ಎಳೆದಾಗ ಆಗುವುದೂ ಅಷ್ಟೇ: ಪಾಟಿಯ ದಿಬ್ಬಗಳು ಬಳಪದ ಪದರಗಳನ್ನು ಕೆರೆದು ಇಟ್ಟುಕೊಳ್ಳುತ್ತವೆ, ಅದು ನಿಮ್ಮ "ಅ" ಆಗುತ್ತದೆ. ತಿಕ್ಕಾಟವಿಲ್ಲದಿದ್ದರೆ ಪಾಟಿ ಖಾಲಿಯೇ ಇರುತ್ತಿತ್ತು.

ಇನ್ನು ಚಕ್ಕಡಿ. ಗಾಲಿ ಉರುಳುವುದರಿಂದ ಘರ್ಷಣೆ ಇಲ್ಲವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ. ಗಾಲಿಯ ಅಂಚು ನೆಲದ ಮೇಲೆ ಉರುಳುತ್ತದೆ, ತಿಕ್ಕುವುದಿಲ್ಲ. ತಿಕ್ಕಾಟ ನಡೆಯುವುದು ನಡುವೆ, ಗಾಲಿಯ ಗುಂಬ ಕಬ್ಬಿಣದ ಅಚ್ಚಿನ ಸುತ್ತ ತಿರುಗುವಲ್ಲಿ. ಗಾಲಿಯ ಎತ್ತರ ಐದು ಅಡಿ, ಅಚ್ಚಿನ ದಪ್ಪ ಎರಡು ಇಂಚು ಎಂದು ಇಟ್ಟುಕೊಳ್ಳಿ. ಒಂದು ಸುತ್ತಿಗೆ ಚಕ್ಕಡಿ ಹದಿನೈದು ಅಡಿಗೂ ಮಿಕ್ಕಿ ಮುಂದೆ ಹೋಗುತ್ತದೆ. ಅಚ್ಚಿನ ಮೇಲೆ ತಿಕ್ಕಾಡಿದ ದೂರ ಅರ್ಧ ಅಡಿ ಮಾತ್ರ. ಹದಿನೈದು ಅಡಿ ನೆಲದ ಮೇಲೆ ಎಳೆಯಬೇಕಾಗಿದ್ದ ಕಷ್ಟವನ್ನು ಗಾಲಿ ಅರ್ಧ ಅಡಿಗೆ ಇಳಿಸಿತು. ನಂಬಿಕೆ ಬಾರದಿದ್ದರೆ ಓಣಿಯಲ್ಲಿ ನಿಂತ ಚಕ್ಕಡಿಗೆ ದಾರ ಸುತ್ತಿ ಅಳೆಯಿರಿ. ದೊಡ್ಡ ಗಾಲಿಯ ಚಕ್ಕಡಿ ಎತ್ತಿಗೆ ಯಾಕೆ ಹಗುರ ಎಂಬುದೂ ಆ ದಾರದಲ್ಲೇ ಸಿಗುತ್ತದೆ.

ಆ ಅರ್ಧ ಅಡಿಗೂ ಎಣ್ಣೆ ಬೇಕು. ಚಕ್ಕಡಿಯ ಕೆಳಗೆ ತೂಗುಹಾಕಿದ ಗೊಟ್ಟದಲ್ಲಿ ಕೀಲೆಣ್ಣೆ ಇರುತ್ತಿತ್ತು. ಎಣ್ಣೆ ಒಣಗಿದ ಗಾಲಿ ಕಿರ್ರ್ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಆ ಕೂಗು ಏನು ಗೊತ್ತೆ? ಗುಂಬ ಅಚ್ಚಿಗೆ ಒಂದು ಕ್ಷಣ ಅಂಟುತ್ತದೆ, ಎಳೆತ ಹೆಚ್ಚಿ ತಟ್ಟನೆ ಜಾರುತ್ತದೆ, ಮತ್ತೆ ಅಂಟುತ್ತದೆ, ಮತ್ತೆ ಜಾರುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಕಬ್ಬಿಣ, ಕಟ್ಟಿಗೆ ಎಲ್ಲ ನಡುಗಿ ಸದ್ದಾಗುತ್ತದೆ. ಹಲಗೆಯ ಮೇಲೆ ಖಡು ಕೀಚ್ ಎನ್ನುವುದೂ ಹೀಗೆಯೇ. ಕೀಲೆಣ್ಣೆ ಬಿದ್ದ ಮೇಲೆ ಕಬ್ಬಿಣದ ತುದಿಗಳ ನಡುವೆ ಎಣ್ಣೆಯ ಪದರ ನಿಂತು, ತಿಕ್ಕಾಟವನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ನಮ್ಮನ್ನು ಸಿಕ್ಕಿಸಿದ್ದು ನಡುವೆ ಬಂದ ನೀರು, ಇಲ್ಲಿ ಎತ್ತಿನ ಹೆಗಲು ಉಳಿಸಿದ್ದು ನಡುವೆ ಬಂದ ಎಣ್ಣೆ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನೋಡಿದ್ದೀರಲ್ಲ. ಹಸಿ ಹಿಟ್ಟು ಹಲಗೆಗೆ ಅಂಟಬಾರದು, ಬಡಿದಂತೆ ಸುತ್ತ ತಿರುಗಬೇಕು. ಅದಕ್ಕೆ ಕೆಳಗೆ ಒಣ ಹಿಟ್ಟು ಉದುರಿಸುತ್ತಾರೆ. ಹಿಟ್ಟಿನ ಪುಡಿ ನಡುವೆ ಕೂತು ರೊಟ್ಟಿಯನ್ನು ಸರಾಗ ಸರಿಯಲು ಬಿಡುತ್ತದೆ. ಕಡಿಮೆಯಾದರೆ ರೊಟ್ಟಿ ಹರಿಯುತ್ತದೆ, ಹೆಚ್ಚಾದರೆ ಒಣಗಿ ಬಿರಿಯುತ್ತದೆ. ಪುಡಿ ಹಾಕಿದರೆ ಜಾರುತ್ತದೆ ಎಂದು ಬರೆದುಕೊಳ್ಳಬೇಡಿ, ತಡೆಯಿರಿ. ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ಸಂಗೀತೋತ್ಸವ ನಡೆದಾಗ ತಂಬೂರಿಯನ್ನು ಹತ್ತಿರದಿಂದ ನೋಡಿ. ತಂತಿಯ ಎಳೆತವನ್ನೆಲ್ಲ ಹಿಡಿದು ನಿಲ್ಲಿಸುವುದು ಮರದ ತೂತಿನಲ್ಲಿ ಬಿಗಿಯಾಗಿ ಕೂತ ಮರದ ಬಿರಡೆ. ಮೊಳೆಯಿಲ್ಲ, ಅಂಟಿಲ್ಲ, ಬರೀ ಘರ್ಷಣೆ. ಬಿರಡೆ ಜಾರಿ ಶ್ರುತಿ ಇಳಿಯುತ್ತಿದ್ದರೆ ವಾದ್ಯಗಾರರು ಅದಕ್ಕೆ ಖಡುವಿನ ಪುಡಿ ಸವರುತ್ತಾರೆ. ಅಲ್ಲಿ ಪುಡಿ ಹಿಡಿಯುತ್ತದೆ. ಯಾವ ಎರಡರ ನಡುವೆ ಯಾವ ಪುಡಿ ಎಂಬುದೇ ಪ್ರಶ್ನೆ.

ಘರ್ಷಣೆಯ ಕೆಲಸಗಳಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವುದು ನೂಲು. ಎರಿಹೊಲದ ಒಂದು ಹತ್ತಿಕಾಯಿ ಬಿಡಿಸಿ, ಒಂದು ಎಳೆ ಎಳೆದು ನೋಡಿ. ಎರಡು ಮೂರು ಸೆಂಟಿಮೀಟರು ಉದ್ದ, ಅಷ್ಟೇ. ಅಂಥ ಎಳೆಗಳಿಂದ ಮೈಲುಗಟ್ಟಲೆ ನೂಲು ಹೇಗಾಯಿತು? ಗಂಟು ಹಾಕಿಲ್ಲ, ಅಂಟಿಸಿಲ್ಲ. ಹುರಿ ಮಾಡಿದ್ದಾರೆ. ಸ್ವಲ್ಪ ಹತ್ತಿಯನ್ನು ಹಾಗೇ ಎಳೆದರೆ ಬಿಟ್ಟುಕೊಳ್ಳುತ್ತದೆ. ಅದನ್ನೇ ಬೆರಳಲ್ಲಿ ಹೊಸೆದು ಎಳೆಯಿರಿ, ಬಿಡುವುದಿಲ್ಲ. ಹೊಸೆದಾಗ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಎಳೆದಷ್ಟೂ ಸುತ್ತು ಬಿಗಿದು ಎಳೆಗಳನ್ನು ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಕೀಳಲು ಹೋದ ಬಲವೇ ಹಿಡಿಯುವ ಬಲವಾಗುತ್ತದೆ! ನವಲಗುಂದದ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕೂತು ನೇಯುವ ಜಮಖಾನೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿಯ ರಾಷ್ಟ್ರಧ್ವಜ, ನಿಮ್ಮ ಮನೆಯ ಕೌದಿ, ಎಲ್ಲವೂ ಈ ಹಿಡಿತದ ಮೇಲೆ ನಿಂತಿವೆ.

ಕುಂಟೆಯ ಕುಡದ ಬಗ್ಗೆ ಹೇಳದೆ ಮುಗಿಸಲಾರೆ. ಜಂಗು ಹಿಡಿದ ಕುಡಕ್ಕೆ ಎರಿಮಣ್ಣು ಮೆತ್ತುತ್ತದೆ, ಮಣ್ಣಿನ ಮೇಲೆ ಮಣ್ಣು ತಿಕ್ಕಿ ಎತ್ತುಗಳು ದಣಿಯುತ್ತವೆ. ಹೊಳೆಯುವ ಕುಡದ ಮೇಲಿಂದ ಮಣ್ಣು ತಾನಾಗಿ ಸರಿದು ಬೀಳುತ್ತದೆ. ಅಮೆರಿಕದ ಇಲಿನಾಯ್ ಸೀಮೆಯ ಕಪ್ಪು ಜಿಗಟು ನೆಲದಲ್ಲೂ ಎರಕದ ಕಬ್ಬಿಣದ ನೇಗಿಲಿಗೆ ಮಣ್ಣು ಮೆತ್ತಿ, ಹೆಜ್ಜೆಹೆಜ್ಜೆಗೆ ನಿಂತು ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಮುರಿದ ಗರಗಸದ ಉಕ್ಕನ್ನು ಉಜ್ಜಿ ಹೊಳಪು ಮಾಡಿ ನೇಗಿಲಿಗೆ ಕೂರಿಸಿದ, ಮಣ್ಣು ಜಾರತೊಡಗಿತು. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಕುಡಕ್ಕೆ ಎಣ್ಣೆ ಸವರಿ ಅಟ್ಟಕ್ಕೆ ಏರಿಸುವವರು ಕಾಪಾಡುವುದು ಇದೇ ಹೊಳಪನ್ನು.

ಆ ದಿನ ರಾಡಿಯಿಂದ ಗಾಡಿ ಎತ್ತಿದ ಮೇಲೆ ಅಜ್ಜ ಬದುವಿನಿಂದ ಒಂದು ಚಿಟಿಕೆ ಮಣ್ಣು ತೆಗೆದರು. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಹೊಸೆದರು. ಮಣ್ಣು ಜಾರಿ ಬೆರಳಿಗೆಲ್ಲ ಬಳಿದುಕೊಂಡಿತು.

"ಇನ್ನೂ ಜಾರತೈತಿ. ಇವತ್ತ ಬ್ಯಾಡ, ನಾಡದ ನೋಡೂಣು."

ನಾಡಿದ್ದು ಬೆಳಿಗ್ಗೆ ಮತ್ತೆ ಹೋದೆವು. ಈ ಸಲ ಚಿಟಿಕೆ ಮಣ್ಣು ಬೆರಳ ನಡುವೆ ಸಣ್ಣ ಸಣ್ಣ ಕಾಳಾಗಿ ಉದುರಿತು. ಅಜ್ಜ ನನ್ನ ಬೆರಳಿಗೂ ಸ್ವಲ್ಪ ಹಾಕಿ ಹೊಸೆಯಲು ಹೇಳಿದರು. "ತಿಳೀತ?" ಎಂದು ಕೇಳಿ, ಹೆಸರು ಬಿತ್ತಲು ಕೂರಿಗೆ ಹೂಡಿದರು.